ಕಂಟ್ರೋಲ್ ರೂಮಿನ ತಮ್ಮ

ಲೇಡೀಸ್ ಹಾಸ್ಟೆಲ್, ಕೂಡ್ಲಿಗಿ
೪ ಆಗಸ್ಟ್ ೨೦೨೫

ಅವ್ವಾ, ಜೈ ಭೀಮ್.

ಕಾಗದ ನೋಡಿ ಗಾಬರಿಯಾಗಬೇಡ. ಆರಾಮ ಇದ್ದೇನೆ. ಈ ಗುಡ್ಡದ ಮೇಲೆ ಫೋನಿನ ಸಿಗ್ನಲ್ ಸರಿಯಿಲ್ಲ, ಅರ್ಧ ಮಾತು ಗಾಳಿಗೆ ಹೋಗುತ್ತದೆ. ನಿನಗೂ ಆಸ್ಪತ್ರೆಯಲ್ಲಿ ಕೈ ಬಿಡುವಿರುವುದಿಲ್ಲ. ಅದಕ್ಕೇ ಇನ್ನು ಮೇಲೆ ಬರೆಯೋಣ ಅಂದುಕೊಂಡೆ. ನೀನೂ ಬರೆ. ಫೋನು ಬರೀ ಊಟ ಆಯ್ತಾ ಅಂತ ಕೇಳುವುದಕ್ಕೆ ಇರಲಿ.

ಕ್ಯಾಮೆರಾ ಎಲ್ಲೆಲ್ಲಿ ಹಾಕಿದ್ದಾರೆ ಅಂತ ಕೇಳಿದ್ದೆಯಲ್ಲ, ಜೂನಿನಲ್ಲೇ ಬಂದವು. ಲೈಬ್ರರಿಯಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ಕಂಬಕ್ಕೊಂದು. ಮೇ ತಿಂಗಳಲ್ಲಿ ಸಂಜೆ ಹೊತ್ತು ಒಬ್ಬ ಹುಡುಗಿಯನ್ನು ಯಾರೋ ಬೈಕಿನವರು ಎಳೆದಾಡಿದ ಮೇಲೆ ನಾವೆಲ್ಲ ಆಡಳಿತ ಕಚೇರಿಯ ಮುಂದೆ ಕೂತಿದ್ದು ನಿನಗೆ ಗೊತ್ತು. ನಾನೇ ಮೈಕು ಹಿಡಿದು ಬೆಳಕು ಬೇಕು, ಕಾವಲು ಬೇಕು, ಕ್ಯಾಮೆರಾ ಬೇಕು ಅಂದಿದ್ದೆ. ಈಗ ಹಾಸ್ಟೆಲ್ ಗೇಟಿನಲ್ಲಿ ಒಂದು ಯಂತ್ರದ ಮುಂದೆ ನಿಂತು ಮುಖ ತೋರಿಸಬೇಕು. ಮುಖ ಗುರುತು ಹಿಡಿದರೆ ಗೇಟು ತೆರೆಯುತ್ತದೆ. ನೀನು ಪ್ರವೇಶದ ಹೊತ್ತಿಗೆ ಸಹಿ ಮಾಡಿ ಫೋನ್ ನಂಬರ್ ಕೊಟ್ಟಿದ್ದೆಯಲ್ಲ, ಆ ನಂಬರಿಗೆ ನಾನು ಹೋದದ್ದು, ಬಂದದ್ದು ಮೆಸೇಜ್ ಬರುತ್ತಿರಬೇಕಲ್ಲ. ನನ್ನ ಜೊತೆ ರೂಮಿನಲ್ಲಿರುವ ಹರಪನಹಳ್ಳಿಯ ಸುಕನ್ಯಾ, “ನಮ್ಮಪ್ಪಗೆ ನನ್ನ ಮುಖ ನೆನಪೈತೋ ಇಲ್ಲೋ, ಗೇಟಿಗಂತೂ ಐತೆ” ಅಂತ ನಗುತ್ತಾಳೆ.

ನಾನು ಓದಲು ಹೊಸ ಜಾಗ ಹುಡುಕಿಕೊಂಡಿದ್ದೇನೆ. ಲೈಬ್ರರಿಯ ಮಹಡಿಯಲ್ಲಿ ಹಳೇ ಪತ್ರಿಕೆಗಳ ಕಪಾಟಿನ ಹಿಂದೆ ಕಿಟಕಿಯ ಪಕ್ಕ ಒಂದು ಮೇಜು. ಅಲ್ಲಿಗೆ ಯಾರೂ ಬರುವುದಿಲ್ಲ. ಕ್ಯಾಮೆರಾನೂ ಇಲ್ಲ.

ಈ ಕಾಗದವನ್ನು ಮಾರೇಶಣ್ಣ ಪೇಟೆಗೆ ಹೋದಾಗ ಡಬ್ಬಿಗೆ ಹಾಕುತ್ತಾನೆ. ಚಿಕ್ಕಮ್ಮನ ಮಗ ಒಬ್ಬ ಇದೇ ಕ್ಯಾಂಪಸ್ಸಿನಲ್ಲಿ ಇರುವುದು ಎಷ್ಟೋ ಅನುಕೂಲ.

ನಿನ್ನ
ಸಮತಾ


ಹಡಗಲಿ
೧೧ ಆಗಸ್ಟ್ ೨೦೨೫

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದ ದಿನ ಡ್ಯೂಟಿ ಮುಗಿಸಿ ಬಂದು ಸೀರೆ ಕೂಡ ಬದಲಿಸದೆ ಓದಿದೆ. ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು!

ಕ್ಯಾಮೆರಾ ಬಂದದ್ದು ಒಳ್ಳೆಯದಾಯಿತು. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಮಾಡುವ ನನ್ನಂಥ ನರ್ಸಿನ ಕಣ್ಣಿಗೆ ಏನೇನು ಬೀಳುತ್ತದೆ ಅಂತ ನಿನಗೆ ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ವಯಸ್ಸಿನ ಹುಡುಗಿಯನ್ನು ಸ್ಟ್ರೆಚರ್ ಮೇಲೆ ತಂದರೆ ಮೊದಲು ಮುಖ ನೋಡುತ್ತೇನೆ, ಆಮೇಲೆ ನಾಡಿ ಹಿಡಿಯುತ್ತೇನೆ. ಈಗ ಫೋನಿಗೆ “ನಿಮ್ಮ ಮಗಳು ಹಾಸ್ಟೆಲ್ ಪ್ರವೇಶಿಸಿದ್ದಾಳೆ” ಅಂತ ಬಂದರೆ ಹೊಟ್ಟೆ ತಣ್ಣಗಾಗುತ್ತದೆ. ನಿಮ್ಮ ಯೂನಿವರ್ಸಿಟಿಯಲ್ಲಿ ಒಳ್ಳೆಯ ಜನರೂ ಇದ್ದಾರೆ. ಹೆದರಬೇಡ.

ಅಪ್ಪ ಹರಪನಹಳ್ಳಿಯಿಂದ ಭಾನುವಾರ ಬಂದಿದ್ದರು. ಲೈನ್‌ಮನ್ ಕೆಲಸದಲ್ಲಿ ಮಳೆಗಾಲ ಅಂದರೆ ಕಂಬದ ಮೇಲೇ ಸಂಸಾರ. ನಿನ್ನನ್ನು ಕೇಳಿದರು.

ಮತ್ತೆ ಗುರುವಾರದ ಹಾಗೆ ಮಳೆಯಲ್ಲಿ ನೆನೆಯಬೇಡ. ದುಪಟ್ಟಾ ತಲೆ ಮೇಲೆ ಹಾಕಿಕೊಂಡು ಓಡಿದರೆ ಮಳೆ ನಿಲ್ಲುತ್ತದಾ? ಛತ್ರಿ ತೆಗೆದುಕೊಂಡು ಹೋಗು.

ನಿನ್ನ ಅವ್ವ


ಕೂಡ್ಲಿಗಿ
೨೧ ಆಗಸ್ಟ್ ೨೦೨೫

ಅವ್ವಾ,

ಗುರುವಾರ ನಾನು ನೆನೆದದ್ದು ನಿನಗೆ ಯಾರು ಹೇಳಿದರು?

ನಾನು ದುಪಟ್ಟಾ ಹಾಕಿಕೊಂಡು ಓಡಿದ್ದನ್ನು ನೋಡಿದವನು ಮಾರೇಶಣ್ಣ ಒಬ್ಬನೇ. ಅವನು ಕ್ಯಾಂಟೀನ್ ಕಟ್ಟೆಯ ಮೇಲೆ ನಿಂತಿದ್ದ. ನಿನಗೆ ದಿನಾ ವರದಿ ಒಪ್ಪಿಸುತ್ತಾನಾ?

ಇನ್ನೊಂದು ವಿಷಯ. ನಿನಗೆ ಬರೆದಿದ್ದೆನಲ್ಲ ಲೈಬ್ರರಿಯ ಮೂಲೆ, ಆ ಮೂಲೆಗೆ ಮರುವಾರವೇ ಕ್ಯಾಮೆರಾ ಬಂತು. ಏಣಿ ಹಾಕಿ ಕೂರಿಸುತ್ತಿದ್ದವರನ್ನು ಕೇಳಿದೆ. “ಕಂಟ್ರೋಲ್ ರೂಮಿನಾಗ ಹೇಳ್ಯಾರ, ಹಾಕಾಕ ಹತ್ತೀವಿ” ಅಂದರು. ಆ ಮೂಲೆಯ ಬಗ್ಗೆ ನಾನು ಯಾರಿಗೂ ಹೇಳಿಲ್ಲ, ಸುಕನ್ಯಾಗೂ ಹೇಳಿಲ್ಲ. ಬರೆದದ್ದು ನಿನಗೊಬ್ಬಳಿಗೇ. ಆ ಕಾಗದ ಮಾರೇಶಣ್ಣನ ಕೈಯಲ್ಲಿ ಹೋಗಿತ್ತು.

ನಾನು ಅವನನ್ನು ಬಿಡಲಿಲ್ಲ. ಡಿಪಾರ್ಟ್‌ಮೆಂಟಿನ ಮುಂದೆಯೇ ಕೇಳಿದೆ.

“ನನ್ನ ಕಾಗದ ಒಡದು ಓದೀಯೇನು?”

“ಏನ್ ಮಾತಾಡ್ತೀಯಲೇ? ಹುಚ್ಚು ಹಿಡದೈತೇನು ನಿನಗ?”

“ಮತ್ತ ನಮ್ಮವ್ವಗ ಹೆಂಗ ಗೊತ್ತಾತು? ಕಂಟ್ರೋಲ್ ರೂಮಿನವ್ರಿಗೆ ಹೆಂಗ ಗೊತ್ತಾತು?”

ಅವನ ಮುಖ ಕಪ್ಪಿಟ್ಟಿತು. “ಇನ್ಮ್ಯಾಲೆ ನಿನ್ನ ಕಾಗದ ನೀನ ಹಾಕ್ಕೋ” ಅಂದವನೇ ಹೊರಟುಹೋದ. ಅಂದಿನಿಂದ ಮಾತಿಲ್ಲ. ಈ ಕಾಗದವನ್ನು ನಾನೇ ಪೇಟೆಗೆ ಬಂದು ಹಾಕುತ್ತಿದ್ದೇನೆ.

ಅವ್ವಾ, ಇನ್ನೂ ಸ್ವಲ್ಪ ಹೇಳುವುದಿದೆ. ಈಗ ಬೇಡ. ಅಪ್ಪನಿಗೆ ಇದನ್ನು ಹೇಳಬೇಡ, ಬಂದು ಗಂಟುಮೂಟೆ ಕಟ್ಟಿಸುತ್ತಾರೆ.

ಸಮತಾ


ಹಡಗಲಿ
೨೮ ಆಗಸ್ಟ್ ೨೦೨೫

ಮಗಳೇ,

ನಿನ್ನ ಚಿಕ್ಕಮ್ಮ ಫೋನ್ ಮಾಡಿ ಅತ್ತಳು. ಮಾರೇಶ ಊಟ ಬಿಟ್ಟಿದ್ದಾನಂತೆ. ಅವನು ನನಗೆ ಏನೂ ಹೇಳಿಲ್ಲ. ಅವನ ಮೇಲೆ ಆಣೆ ಮಾಡಿ ಹೇಳುತ್ತೇನೆ, ನನಗೆ ಅವನು ಫೋನ್ ಮಾಡಿ ತಿಂಗಳಾಯಿತು. ಹೋಗಿ ಮಾತಾಡಿಸು.

ನೀನು ಯಾಕೆ ಹೀಗೆ ಎಲ್ಲರ ಮೇಲೂ ಅನುಮಾನ ಪಡುತ್ತೀ? ಓದಿನ ಭಾರ ಹೆಚ್ಚಾಗಿದೆಯಾ? ಅಥವಾ ಏನಾದರೂ ಮುಚ್ಚಿಡುತ್ತಿದ್ದೀಯಾ? ಹುಡುಗರ ವಿಷಯವಿದ್ದರೆ ನನಗೆ ಹೇಳು. ಬಯ್ಯುವುದಿಲ್ಲ. ಇತ್ತೀಚೆಗೆ ಗೇಟಿನಿಂದ ಹೊರಗೆ ಹೋದವಳು ತಿರುಗಿ ತಿರುಗಿ ನೋಡುತ್ತಿರುತ್ತೀಯಂತೆ, ಯಾರನ್ನೋ ಕಾಯುವವರ ಹಾಗೆ.

ಲೈಬ್ರರಿಗೆ ಕ್ಯಾಮೆರಾ ಹಾಕಿಸಿದ್ದು ನಿನ್ನ ಒಳ್ಳೆಯದಕ್ಕೇ. ಯಾರೂ ಬಾರದ ಮೂಲೆಯಲ್ಲಿ ಹೆಣ್ಣುಮಗಳೊಬ್ಬಳೇ ಕೂತರೆ ಹೆತ್ತವರಿಗೆ ಹೇಗಾಗುತ್ತದೆ? ಅಲ್ಲಿ ಜವಾಬ್ದಾರಿಯ ಜಾಗದಲ್ಲಿರುವ ಒಬ್ಬರಿಗೆ ಒಂದು ಮಾತು ಹೇಳಿಟ್ಟಿದ್ದೇನೆ. ಅವರು ನಿನ್ನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ನಿನಗೆ ಮುಜುಗರವಾಗುತ್ತದೆ, ಹೆಸರು ಹೇಳಬೇಡಿ ಅಂತ ಅವರೇ ಅಂದಿದ್ದಾರೆ. ಅಷ್ಟು ಸಂಕೋಚದ ಮನುಷ್ಯ.

ಧೈರ್ಯವಾಗಿರು.

ಅವ್ವ


ಕೂಡ್ಲಿಗಿ
೧ ಸೆಪ್ಟೆಂಬರ್ ೨೦೨೫

ಅವ್ವಾ,

ಇದನ್ನು ಓದಿದ ಮೇಲೆ ನನಗೆ ಫೋನ್ ಮಾಡಬೇಡ. ಆ ಮನುಷ್ಯನಿಗಂತೂ ಮಾಡಲೇಬೇಡ.

ಸಿಗ್ನಲ್ ಇಲ್ಲ ಅಂತ ನಾನು ಹೇಳಿದ್ದು ಸುಳ್ಳು. ಜುಲೈನಿಂದ ನನಗೆ ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬರುತ್ತಿವೆ. ಮೊದಲು “ನೀಲಿ ಚೂಡಿದಾರ ನಿನಗೆ ಒಪ್ಪುತ್ತೆ” ಅಂತ ಬಂತು. ಆಮೇಲೆ ಗೇಟಿನ ಯಂತ್ರದ ಮುಂದೆ ನಾನು ನಿಂತ ಫೋಟೋ, ನನ್ನ ಮುಖವನ್ನಷ್ಟೇ ಹತ್ತಿರ ಮಾಡಿದ್ದು. ಆ ನಂಬರ್ ಬಂದ್ ಮಾಡಿದರೆ ಇನ್ನೊಂದರಿಂದ ಬರುತ್ತದೆ. ಒಂದು ದಿನ “ಚಿಗರಿ, ಇವತ್ತು ಯಾಕೆ ಊಟಕ್ಕೆ ಬರಲಿಲ್ಲ” ಅಂತ ಬಂತು.

ಚಿಗರಿ ಅವ್ವಾ! ನನ್ನನ್ನು ಹಾಗೆ ಕರೆಯುವವಳು ಈ ಭೂಮಿಯ ಮೇಲೆ ನೀನೊಬ್ಬಳೇ, ಅದೂ ಮನೆಯೊಳಗೆ. ನನ್ನ ಫೋನಿನಲ್ಲಿ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅದಕ್ಕೇ ಕಾಗದ ಬರೆಯಲು ಶುರು ಮಾಡಿದೆ. ಕಾಗದದ ವಿಷಯವೂ ಅವನಿಗೆ ತಿಳಿದಾಗ ಮಾರೇಶಣ್ಣನನ್ನು ಹಿಡಿದುಕೊಂಡೆ. ನಾನು ತಿರುಗಿ ತಿರುಗಿ ನೋಡುವುದು ಯಾರನ್ನೋ ಕಾಯುವುದಕ್ಕಲ್ಲ. ಇವರಲ್ಲಿ ಯಾರು ಅವನು ಅಂತ ನೋಡುತ್ತೇನೆ.

ನಿನಗೆ ಹೇಳದೆ ಇದ್ದದ್ದು, ನೀನು ಓದು ಬಿಡಿಸುತ್ತೀ ಅನ್ನುವ ಭಯಕ್ಕೆ.

ಆ ಸಂಕೋಚದ ಮನುಷ್ಯ ಯಾರು? ಅವನಿಗೆ ಏನೇನು ಹೇಳಿದ್ದೀ? ಎಲ್ಲ ಬರೆ, ಒಂದನ್ನೂ ಬಿಡಬೇಡ. ವಿಳಾಸಕ್ಕೆ ಹಾಸ್ಟೆಲ್ ಬೇಡ, ಡಿಪಾರ್ಟ್‌ಮೆಂಟ್ ಅಂತ ಹಾಕು.

ಸಮತಾ


ಹಡಗಲಿ
೫ ಸೆಪ್ಟೆಂಬರ್ ೨೦೨೫

ಸಮತಾ,

ಎರಡು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಅವನ ಹೆಸರು ಯರ್ರಿಸ್ವಾಮಿ. ನಿಮ್ಮ ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕೂತು ನೋಡುವ ಕೆಲಸ. ಮೊದಲ ಸಲ ಫೋನ್ ಮಾಡಿದ್ದು ಯೂನಿವರ್ಸಿಟಿಯ ನಂಬರಿನಿಂದಲೇ. “ಸಮತಾ ಅವ್ರ ತಾಯಿ ಏನ್ರಿ? ಮೆಸೇಜ್ ಬರಾಕ ಹತ್ಯಾವೋ ಇಲ್ಲೋ ಕೇಳಾಣ ಅಂತ ಮಾಡಿದೆ” ಅಂದ. ಬರುತ್ತಿವೆ ಅಂದೆ. ಮುಂದಿನ ವಾರ ತನ್ನ ನಂಬರಿನಿಂದ ಮಾಡಿದ. ತನ್ನ ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ, ಏನು ಮಾಡಬೇಕು ಅಕ್ಕಾ ಅಂತ ಕೇಳಿದ. ಹೇಳಿದೆ. ಅಕ್ಕಾ ಅಕ್ಕಾ ಅನ್ನುವವನನ್ನು ನಾನೂ ತಮ್ಮಾ ಅಂದೆ. ನೀನು ಬಂದ ಹೊತ್ತು, ಹೋದ ಹೊತ್ತು, ಮುಖ ಬಾಡಿದ್ದು, ಮಳೆಯಲ್ಲಿ ನೆನೆದದ್ದು ಎಲ್ಲ ಹೇಳುತ್ತಿದ್ದ. ನನಗೆ ಅಮೃತ ಕುಡಿದ ಹಾಗೆ ಆಗುತ್ತಿತ್ತು.

ನಾನು ಅವನಿಗೆ ಹೇಳಿದ್ದು: ನಿನ್ನನ್ನು ಚಿಗರಿ ಅಂತ ಕರೆಯುವುದು. ನಿನಗೆ ಶೇಂಗಾ ಹೋಳಿಗೆ ಇಷ್ಟ ಅನ್ನುವುದು. ಊರಿಗೆ ಬರುವಾಗ ಯಾವ ಬಸ್ಸು ಹಿಡಿಯುತ್ತೀ ಅನ್ನುವುದು. ನಿನ್ನ ಮೊದಲ ಕಾಗದವನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದ್ದೇನೆ. ಆ ಮೂಲೆಯ ಮಾತು ಬಂದಾಗ “ತಮ್ಮಾ, ಅಲ್ಲಿಗೂ ಒಂದು ಹಾಕಿಸಪ್ಪ” ಅಂದವಳು ನಾನೇ.

ಅವನೇ ನಿನಗೆ ಮೆಸೇಜ್ ಮಾಡುವವನು ಅನ್ನುವುದು ನನ್ನ ತಲೆಗೆ ಇಳಿಯುತ್ತಿಲ್ಲ. ಇಳಿದಿದೆ, ಆದರೂ ಇಳಿಯುತ್ತಿಲ್ಲ. ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ನಿನ್ನ ಕಾಗದ ಬಂದ ದಿನ ಮಧ್ಯಾಹ್ನ ಅವನು ಎಂದಿನಂತೆ ಫೋನ್ ಮಾಡಿದ. “ಅಕ್ಕಾ, ಏನ್ ಬರದಾಳ ಚಿಗರಿ?” ಅಂದ. ಮೈಯೆಲ್ಲ ಉರಿಯಿತು. ನಾನು ನಗುತ್ತಾ, “ಏನಿಲ್ಲ ತಮ್ಮಾ, ಬರೋ ಗುರುವಾರ ಆಕಿ ಹುಟ್ಟಿದ ದಿನ ಐತಿ, ಸೀರಿ ಕೇಳ್ಯಾಳ” ಅಂದೆ. ನಿನ್ನ ಹುಟ್ಟಿದ ದಿನ ಜನವರಿಯಲ್ಲಿ. ಈ ಸುಳ್ಳನ್ನು ನಾನು ಹೇಳಿರುವುದು ಅವನೊಬ್ಬನಿಗೇ.

ಗುರುವಾರ ಏನು ಬರುತ್ತದೆ ನೋಡು. ಒಬ್ಬಳೇ ಇರಬೇಡ. ಮಾರೇಶನ ಹತ್ತಿರ ಹೋಗು.

ಅವ್ವ


ಕೂಡ್ಲಿಗಿ
೧೨ ಸೆಪ್ಟೆಂಬರ್ ೨೦೨೫

ಅವ್ವಾ,

ಬಂತು.

ನಿನ್ನೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ “ಹುಟ್ಟುಹಬ್ಬದ ಶುಭಾಶಯ ಚಿಗರಿ” ಅಂತ ಮೆಸೇಜ್. ಮಧ್ಯಾಹ್ನ ಗೇಟಿನ ಕಾವಲುಗಾರ ನನ್ನನ್ನು ಕರೆದು ಒಂದು ಪೊಟ್ಟಣ ಕೊಟ್ಟ. “ನಿಮ್ಮ ಮನಿಯಿಂದ ಬಂದೈತಂತ್ರಿ” ಅಂದ. ಒಳಗೆ ಶೇಂಗಾ ಹೋಳಿಗೆ. ಅದನ್ನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತಲೆ ಎತ್ತಿದರೆ ಕಂಬದ ಕ್ಯಾಮೆರಾ ನನ್ನ ಕಡೆಗೇ ತಿರುಗಿತ್ತು. ನಾನು ಪೊಟ್ಟಣ ಬಿಚ್ಚುವುದನ್ನು ಅವನು ನೋಡುತ್ತಿದ್ದ ಅವ್ವಾ.

ಮಾರೇಶಣ್ಣನಲ್ಲಿಗೆ ಹಿಂದಿನ ದಿನವೇ ಹೋಗಿದ್ದೆ. “ತಪ್ಪಾತು” ಅಂದೆ. ಅವನು ನಿನ್ನ ಕಾಗದ ಇಸಿದುಕೊಂಡು ಓದಿದ. “ದೊಡ್ಡವ್ವಗ ಇದನ್ನ ಬರಿಯಾಕ ಎಷ್ಟು ಕಷ್ಟ ಆಗೈತೋ” ಅಂದ. ಆಮೇಲೆ ನನ್ನ ಜೊತೆ ಎಲ್ಲ ಕಡೆಗೂ ಬಂದ.

ನಾವು, ಸುಕನ್ಯಾ ಸೇರಿ ಕುಲಸಚಿವರ ಕಚೇರಿಗೆ ಹೋದೆವು. ಭದ್ರತಾ ಅಧಿಕಾರಿಯೂ ಅಲ್ಲೇ ಇದ್ದರು. ಆ ಅಧಿಕಾರಿ, “ಅವನು ಕಾಂಟ್ರಾಕ್ಟಿನವನು, ನಮ್ಮವನಲ್ಲ” ಅಂದರು. ಮತ್ತೆ ನನ್ನ ಕಡೆ ನೋಡಿ, “ಕ್ಯಾಮೆರಾ ಹಾಕಿ ಅಂತ ಮೈಕ್ ಹಿಡಿದು ಕೂಗಿದೋಳು ನೀನೇ ಅಲ್ವೇನಮ್ಮ?” ಅಂದರು. ಯಾರ ದೃಶ್ಯವನ್ನು ಯಾರು ಯಾವಾಗ ನೋಡಿದರು ಅನ್ನುವುದಕ್ಕೆ ಲೆಕ್ಕ ಇದೆಯಾ ಅಂತ ಮಾರೇಶಣ್ಣ ಕೇಳಿದ. ಇಲ್ಲವಂತೆ. ಕಂಟ್ರೋಲ್ ರೂಮಿನ ಒಳಗೆ ಕ್ಯಾಮೆರಾ ಇದೆಯಾ ಅಂದ. ಅದೂ ಇಲ್ಲವಂತೆ. ಇಡೀ ಕ್ಯಾಂಪಸ್ಸಿನಲ್ಲಿ ಯಾರೂ ನೋಡದ ಜಾಗ ಅದೊಂದೇ.

ಇಪ್ಪತ್ತನಾಲ್ಕಕ್ಕೆ ವಿಚಾರಣೆಗೆ ಸಮಿತಿ ಕೂರುತ್ತದೆ. ಅಲ್ಲಿಯವರೆಗೆ ಅವನನ್ನು ತೆಗೆಯುವುದಿಲ್ಲ, ಆರೋಪ ಸಾಬೀತಾಗಬೇಕಂತೆ. ಇವತ್ತೂ ಗೇಟಿನ ಮುಂದೆ ಮುಖ ತೋರಿಸಿ ಒಳಗೆ ಬಂದೆ. ಆ ಕಡೆ ಅವನು ಕೂತಿದ್ದಾನೆ ಅಂತ ಗೊತ್ತಿದ್ದೂ ಮುಖ ತೋರಿಸಬೇಕು. ತೋರಿಸದಿದ್ದರೆ ಗೇಟು ತೆರೆಯುವುದಿಲ್ಲ.

ಸಮತಾ


ಹಡಗಲಿ
೧೫ ಸೆಪ್ಟೆಂಬರ್ ೨೦೨೫

ಮಗಳೇ,

ಸಾಕು. ಬಂದುಬಿಡು.

ಅಪ್ಪನಿಗೆ ಹೇಳಿದ್ದೇನೆ. ಹೇಳದೆ ಇರಲಾಗಲಿಲ್ಲ. ಅವರು ಕೂಗಾಡಲಿಲ್ಲ. “ಕರಕೊಂಡು ಬಾ” ಅಂದರು ಅಷ್ಟೆ. ದೂರಶಿಕ್ಷಣದಲ್ಲಿ ಎಂ.ಎ. ಮುಗಿಸಬಹುದು. ಶನಿವಾರ ನಾನೇ ಬರುತ್ತೇನೆ. ಹಾಸಿಗೆ, ಪುಸ್ತಕ ಕಟ್ಟಿಡು.

ಫೋನ್ ಎತ್ತುವುದನ್ನು ನಿಲ್ಲಿಸಿದ್ದೇನೆ. ಆದರೂ ಅವನು ಮಾಡುತ್ತಾನೆ. ನಿನ್ನೆ “ಅಕ್ಕಾ, ಯಾಕ ಸಿಟ್ಟು?” ಅಂತ ಮೆಸೇಜ್ ಬಂದಿತ್ತು. ಫೋನನ್ನು ಮಗುಚಿಟ್ಟು ಡ್ಯೂಟಿಗೆ ಹೋದೆ.

ವಾದ ಮಾಡಬೇಡ.

ಅವ್ವ


ಕೂಡ್ಲಿಗಿ
೧೭ ಸೆಪ್ಟೆಂಬರ್ ೨೦೨೫

ಅವ್ವಾ,

ನಿನ್ನ ಕಾಗದ ಇವತ್ತೇ ಬಂತು. ಇದನ್ನು ಮಾರೇಶಣ್ಣನ ಗೆಳೆಯ ಊರಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಶನಿವಾರ ಹೊರಡುವುದರೊಳಗೆ ಸಿಗಬೇಕು.

ನಾನು ಬರುವುದಿಲ್ಲ.

ಸಿಟ್ಟಾಗಬೇಡ, ಪೂರ್ತಿ ಓದು. ನಿನ್ನೆ ಸುಕನ್ಯಾ ಸ್ನಾನಕ್ಕೆ ಹೋಗುವ ಮುಂಚೆ ಬಾಗಿಲ ಬಳಿ ನಿಂತು, “ನಂಗೂ ಬರ್ತಾವೆ ಕಣೆ” ಅಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ತನ್ನ ಫೋನ್ ತೋರಿಸಿದಳು. ಅವಳನ್ನೂ ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದಿದ್ದಾನೆ. ಅವಳ ಫೋಟೋನೂ ಇದೆ. ಇಷ್ಟು ದಿನ ಒಂದೇ ರೂಮಿನಲ್ಲಿ ಮಲಗಿದ್ದೇವೆ, ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಅದೇ ಮೆಸೇಜ್ ಓದುತ್ತಿದ್ದೆವು. ಅವಳ ಅಪ್ಪ ಏಕಾಂತಪ್ಪನವರಿಗೆ ಗೊತ್ತಾದರೆ ಮೆಕ್ಕೆಜೋಳದ ಸೀಸನ್ ಮುಗಿಯುವುದರೊಳಗೆ ಮದುವೆ ಮಾಡಿಬಿಡುತ್ತಾರಂತೆ. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಅವ್ವಾ, ಇವನು ಹುಡುಗಿಯರ ಮನೆಯ ಹೆಸರು ಎಲ್ಲಿಂದ ತರುತ್ತಾನೆ? ತಾಯಂದಿರಿಂದಲೇ ತಾನೇ?

ನಾನು ಹಾಸಿಗೆ ಕಟ್ಟಿಕೊಂಡು ಬಂದರೆ ಅವನು ಅಲ್ಲೇ ಕೂತಿರುತ್ತಾನೆ. ನನ್ನ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಅವಳ ಅವ್ವನಿಗೂ ಫೋನ್ ಹೋಗುತ್ತದೆ. ನನಗೆ ಭಯ ಇಲ್ಲ ಅಂತ ಹೇಳುತ್ತಿಲ್ಲ. ಊಟ ಸೇರುತ್ತಿಲ್ಲ. ಆದರೂ ಬರುವುದಿಲ್ಲ.

ಕರೆದುಕೊಂಡು ಹೋಗುವುದಕ್ಕೆ ಶನಿವಾರ ಬರಬೇಡ. ಇಪ್ಪತ್ತನಾಲ್ಕಕ್ಕೆ ಬಾ. ಅವನು ನಿನಗೆ ಮಾಡಿದ ಕರೆಗಳೆಲ್ಲ ನಿನ್ನ ಫೋನಿನಲ್ಲಿವೆ. ಅಳಿಸಬೇಡ.

ಸಮತಾ


ಹಡಗಲಿ
೨೭ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗಳೇ,

ಬುಧವಾರ ಠಾಣೆಯಿಂದ ಬರುವಷ್ಟರಲ್ಲಿ ಬಸ್ಸು ಹೊರಟು ನಿಂತಿತ್ತು, ನಿನಗೆ ಏನೂ ಹೇಳಲಾಗಲಿಲ್ಲ. ಸಮಿತಿಯವರು ನಿನ್ನನ್ನು ಹೊರಗೆ ಕೂರಿಸಿ ತಾಯಂದಿರನ್ನಷ್ಟೇ ಒಳಗೆ ಕರೆದಿದ್ದರಲ್ಲ. ಅಲ್ಲಿ ಆದದ್ದು ನಿನಗೆ ಗೊತ್ತಾಗಬೇಕು.

ಅದಕ್ಕೂ ಮುಂಚಿನದು ಹೇಳುತ್ತೇನೆ. ಶನಿವಾರ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿನ್ನ ಕಾಗದ ಓದಿದೆ. ಓದಿ ಬ್ಯಾಗು ಕೆಳಗಿಟ್ಟೆ. ವಾರ್ಡನ್ ಮಾಡಿದ ಪಾಲಕರ ಗುಂಪು ಫೋನಿನಲ್ಲಿತ್ತು. ಅದರಲ್ಲಿದ್ದ ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. “ಕಂಟ್ರೋಲ್ ರೂಮಿನ ಯರ್ರಿಸ್ವಾಮಿ ನಿಮಗೂ ಫೋನ್ ಮಾಡ್ತಾನೇನ್ರಿ?” ಅಂತ ಕೇಳಿದೆ. ಕೆಲವರು ಇಲ್ಲ ಅಂದರು. ಸುಕನ್ಯಾಳ ತಾಯಿ ಪಂಪಮ್ಮನವರು, “ಹೂನ್ರಿ, ಭಾಳ ಒಳ್ಳೆ ಹುಡುಗ” ಅಂದರು. ಕೊಟ್ಟೂರಿನ ಒಬ್ಬರೂ ಅದೇ ಮಾತು ಅಂದರು. ಹಗರಿಬೊಮ್ಮನಹಳ್ಳಿಯ ಟೀಚರೊಬ್ಬರೂ ಅಂದರು. ಎಲ್ಲರಿಗೂ ಅವನು ತಮ್ಮನೇ. ಎಲ್ಲರ ಹತ್ತಿರವೂ ಅವನ ತಾಯಿಗೆ ಏನೋ ಒಂದು ಕಾಯಿಲೆ.

ಪಂಪಮ್ಮನವರಿಗೆ ವಿಷಯ ಪೂರ್ತಿ ಹೇಳಿದೆ. ಕೇಳಿಸಿಕೊಂಡು, “ನಮ್ಮೆಜಮಾನ್ರಿಗೆ ಹೇಳಲ್ಲ. ನಾನೇ ಬರ್ತೀನಿ” ಅಂದರು. ಆ ಹೆಣ್ಣುಮಗಳು ಗಂಡನಿಲ್ಲದೆ ಹರಪನಹಳ್ಳಿ ದಾಟಿದ್ದೇ ಇಲ್ಲವಂತೆ. ನಾವೆಲ್ಲ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಕೂಡಿಕೊಂಡು ಒಂದೇ ಬಸ್ಸಿನಲ್ಲಿ ಬಂದೆವು.

ಒಳಗೆ ಕುಲಸಚಿವರು ನನ್ನನ್ನೇ ಮೊದಲು ಕೇಳಿದರು. “ನೋಡಿ ಅಮ್ಮ, ತಾಯಿಯಾಗಿ ನೀವೇ ಎಲ್ಲ ಹೇಳಿದ್ದೀರಿ. ಕಾಗದ ಸಹ ಓದಿ ಹೇಳಿದ್ದೀರಿ. ಇದನ್ನು ನಮ್ಮ ತಪ್ಪು ಅಂತ ಹೇಗೆ ಹೇಳೋದು?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಎದ್ದು ನಿಂತೆ.

“ಹೌದ್ರಿ ಸಾಹೇಬ್ರೇ, ಹೇಳೀನಿ. ಅದು ನನ್ನ ತಪ್ಪು, ನನ್ನ ಮಗಳ ಮುಂದ ಒಪ್ಕೊಂಡೀನಿ. ನಾನು ಬೀದ್ಯಾಗ ಹೋಗೋರಿಗೆ ಹೇಳಿಲ್ರಿ. ನಿಮ್ಮ ಆಫೀಸಿನ ಫೋನಿಂದ ಮಾತಾಡಿದಾಂವಗ ಹೇಳೀನಿ. ನನ್ನ ಮಗಳ ಮುಖ ನಿಮ್ಮ ಕೈಯಾಗ ಕೊಟ್ಟೀನಿ. ನೀವು ಅದನ್ನ ಯಾರ ಕೈಯಾಗ ಕೊಟ್ರಿ, ಹೇಳ್ರಿ.”

ಪಂಪಮ್ಮನವರು ಸೆರಗಿನೊಳಗಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಉಳಿದವರೂ ಇಟ್ಟರು. ಸಮಿತಿಯಲ್ಲಿದ್ದ ಮೇಡಂ ಒಂದೊಂದರಲ್ಲೂ ಅವನ ಕರೆಗಳನ್ನು, ಮೆಸೇಜುಗಳನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದ ಬಣ್ಣವೇ ಬೇರೆಯಾಯಿತು. “ಅವನನ್ನು ಈಗಲೇ ಕರೆಸಿ” ಅಂದರು.

ಅವನು ಬಂದ. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ನಮ್ಮ ಓಣಿಯ ಯಾವುದೋ ಹುಡುಗನ ಹಾಗೇ ಇದ್ದ. “ಇವನೇನ್ರಿ?” ಅಂದ ನನ್ನ ದನಿ ಕೇಳಿ ಗುರುತು ಹಿಡಿದ. “ಅಕ್ಕಾ, ನಾನೇನು ಮಾಡೀನಿ? ನಿಮ್ಮ ಮಗಳನ್ನ ಕಾಯ್ಕೊಂಡಿದ್ದೆ ಅಷ್ಟ” ಅಂದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ಅನ್ನಿಸಲಿಲ್ಲ ಸಮತಾ. ಅದನ್ನೇ ನಂಬಿದ್ದಾನೆ. ನನಗೆ ಇನ್ನೂ ಹೆಚ್ಚು ಹೆದರಿಕೆಯಾಗಿದ್ದು ಆಗಲೇ.

ಮರ್ಯಾದೆಯ ಪ್ರಶ್ನೆ, ಇಲ್ಲೇ ಬಗೆಹರಿಸೋಣ ಅಂತ ಭದ್ರತಾ ಅಧಿಕಾರಿ ಅಂದರು. “ಯಾರ ಮರ್ಯಾದಿ?” ಅಂತ ಪಂಪಮ್ಮನವರು ಕೇಳಿದರು. ಅಲ್ಲಿಂದ ಸೀದಾ ಠಾಣೆಗೆ ಹೋದದ್ದು ನಿನಗೆ ಗೊತ್ತು. ದೂರು ದಾಖಲಾಗಿದೆ. ಅವನ ಫೋನಿನಲ್ಲಿ ಹುಡುಗಿಯರ ಫೋಟೋಗಳ ರಾಶಿಯೇ ಸಿಕ್ಕಿತಂತೆ, ಇವತ್ತು ಬೆಳಿಗ್ಗೆ ಠಾಣೆಯಿಂದ ಫೋನ್ ಬಂದಿತ್ತು. ಅವನನ್ನು ಹಿಡಿದಿದ್ದಾರೆ. ನ್ಯಾಯಾಲಯ, ಸಾಕ್ಷಿ ಅಂತ ಇನ್ನೂ ಬಹಳ ದೂರ ಇದೆ. ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಬೇಡದ್ದನ್ನೆಲ್ಲ ಕೇಳುತ್ತಾರೆ. ನಾನು ಪಕ್ಕದಲ್ಲಿರುತ್ತೇನೆ.

ಹೊರಡುವಾಗ ಕಚೇರಿಯ ಗುಮಾಸ್ತರು ಇನ್ನೊಂದು ಹಾಳೆ ತಂದರು. ಹೊಸ ವ್ಯವಸ್ಥೆ ಬರುತ್ತದಂತೆ, ಇನ್ನು ಮೇಲೆ ಕಂಟ್ರೋಲ್ ರೂಮಿನಲ್ಲಿ ಹೆಂಗಸರೇ ಇರುತ್ತಾರಂತೆ, ಮೆಸೇಜ್ ಮುಂದುವರಿಸಲು ಸಹಿ ಬೇಕು ಅಂದರು. ಹಗರಿಬೊಮ್ಮನಹಳ್ಳಿಯ ಟೀಚರ್ ಮಾಡಿದರು. ಅವರದು ತಪ್ಪು ಅನ್ನಲಾರೆ. ನಾನು ಪೆನ್ನು ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. “ಮಗಳನ್ನ ಕೇಳ್ರಿ, ಆಕಿ ಹೂಂ ಅಂದ್ರ ಹಾಕ್ತೀನಿ” ಅಂದೆ. ನೀನು ಏನು ಅನ್ನುತ್ತೀಯೋ ಅದು ನಿನ್ನ ಇಷ್ಟ.

ನನಗೆ ಭಯ ಹೋಗಿಲ್ಲ. ನೀನು ಎಲ್ಲಿದ್ದೀಯೋ ಅಂತ ಜೀವ ಹಾರುತ್ತದೆ. ಹಾರಲಿ. ಅದು ನನ್ನ ಭಯ, ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಅಪ್ಪ ಬಂದಿದ್ದಾರೆ. ನಿನ್ನನ್ನು ಕರೆದುಕೊಂಡು ಬರದೆ ನಾನೊಬ್ಬಳೇ ಬಂದದ್ದಕ್ಕೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತು ನಾನು ಬರೆಯುವುದನ್ನು ನೋಡುತ್ತಿದ್ದಾರೆ.

“ಇಷ್ಟುದ್ದ ಏನ್ ಬರಿಯಾಕ ಹತ್ತೀದಿ?” ಅಂದರು.

“ಮಗಳಿಗೆ ಬರಿಯಾಕ ಹತ್ತೀನಿ” ಅಂದೆ.

ಓದಿ ಹೇಳು ಅನ್ನುತ್ತಾರೇನೋ ಅಂದುಕೊಂಡೆ. ಅನ್ನಲಿಲ್ಲ. ಚಹಾ ನನ್ನ ಪಕ್ಕದಲ್ಲಿಟ್ಟು ಹೊರಗೆ ಹೋದರು.

ನಿನ್ನ
ಅವ್ವ